ನೆತ್ತರಿಗೆ ಬಣ್ಣ ಹಾಕಿದವನು

ಬೈಲಹೊಂಗಲದ ಓದುಗರೊಬ್ಬರು, ವೃತ್ತಿಯಲ್ಲಿ ಶಾಲಾ ಉಪಾಧ್ಯಾಯರು, ತಮ್ಮ ಎಂಟು ವರ್ಷದ ಮಗಳ ರಕ್ತಪರೀಕ್ಷೆಯ ಚೀಟಿಯ ನಕಲನ್ನು ಕಳುಹಿಸಿ, ಅದರಲ್ಲಿ ‘ಇಯೊಸಿನೊಫಿಲ್’ ಎಂಬ ಹೆಸರಿನ ಮುಂದೆ ಶೇಕಡಾ 9 ಎಂದು ಬರೆದು ಕೆಳಗೆ ಗೆರೆಯೆಳೆದಿರುವುದನ್ನು ತೋರಿಸಿ, ಇದು ರಕ್ತದ ಕ್ಯಾನ್ಸರಿನ ಲಕ್ಷಣವೆಂದು ನೆರೆಹೊರೆಯವರು ಹೆದರಿಸುತ್ತಿರುವುದು ನಿಜವೇ ಎಂದೂ, ನಾಲಿಗೆ ಹೊರಳದ ಈ ಹೆಸರನ್ನು ಯಾವ ಪುಣ್ಯಾತ್ಮ ಇಟ್ಟನೆಂದೂ ಕೇಳಿದ್ದಾರೆ. ಮೊದಲ ಪ್ರಶ್ನೆಗೆ ಅಂಚೆಯಲ್ಲಿಯೇ ಉತ್ತರಿಸಿದ್ದೇನೆ: ಮಕ್ಕಳಲ್ಲಿ ಈ ಕಣಗಳು ಹೀಗೆ ಏರುವುದಕ್ಕೆ ಹೊಟ್ಟೆಯ ಜಂತುಹುಳು, ದಮ್ಮು, ಮೈಗೆ ಒಗ್ಗದ ಧೂಳು, ಇವೇ ನಿತ್ಯದ ಕಾರಣಗಳು, ವೈದ್ಯರಿಗೆ ತೋರಿಸಿ, ಹೆದರಬೇಡಿ. ಎರಡನೆಯ ಪ್ರಶ್ನೆಯ ಉತ್ತರವಾದರೋ ಅಂಚೆಯ ಕಾರ್ಡಿನಲ್ಲಿ ಹಿಡಿಸತಕ್ಕದ್ದಲ್ಲ.

ಹೆಸರಿಟ್ಟವನು ಪೌಲ್ ಎರ್ಲಿಖ್ ಎಂಬ ಜರ್ಮನ್ ವೈದ್ಯ. ಈ ಸೀಮೆಯ ಜನಕ್ಕೆ ಆತನನ್ನು ಪರಿಚಯ ಮಾಡಿಕೊಡುವುದಕ್ಕೆ ಆಸ್ಪತ್ರೆಯ ಬಾಗಿಲಿಗಿಂತ ರಾಮದುರ್ಗದ ನೇಕಾರರ ಓಣಿಯೇ ಸಮೀಪದ ದಾರಿಯೆಂದು ನನಗೆ ತೋರುತ್ತದೆ. ರೇಷ್ಮೆಯ ಲಡಿಯೊಂದನ್ನೂ ಹತ್ತಿಯ ಲಡಿಯೊಂದನ್ನೂ ಒಂದೇ ಬಾನಿಯಲ್ಲಿ ಒಂದೇ ಹೊತ್ತು ಅದ್ದಿ, ತೊಳೆದು, ಗಳುವಿನ ಮೇಲೆ ಹರವಿ ನೋಡಿರಿ: ಬಾನಿಯಲ್ಲಿರುವುದು ಆಮ್ಲಜಾತಿಯ ಬಣ್ಣವಾಗಿದ್ದರೆ, ರೇಷ್ಮೆಯು ಅದನ್ನು ಕಂಠಪೂರ್ತಿ ಕುಡಿದು ಕಂಗೊಳಿಸುವುದು, ಹತ್ತಿಯು ತೊಳೆದ ನೀರಿನೊಡನೆ ಬಣ್ಣವನ್ನೆಲ್ಲ ಬಿಟ್ಟುಕೊಟ್ಟು ಪೆಚ್ಚಾಗಿ ನಿಲ್ಲುವುದು. ಬಣ್ಣಗಾರನು ಇದಕ್ಕೆ ‘ಹಿಡಿಯಿತು’, ‘ಹಿಡಿಯಲಿಲ್ಲ’ ಎಂಬ ಎರಡೇ ಮಾತು ಆಡುತ್ತಾನೆ, ಏಕೆಂದು ಕೇಳಿದರೆ ನೂಲಿನ ಗುಣವೆಂದು ಹೇಳಿ ಮುಂದಿನ ಲಡಿಗೆ ಕೈಹಾಕುತ್ತಾನೆ. ಸಾವಿರಾರು ವರ್ಷಗಳಿಂದ ಬಣ್ಣಗಾರರೆಲ್ಲರೂ ಕಂಡು, ಬಳಸಿ, ಬಿಟ್ಟ ಈ ಸಂಗತಿಯ ಮುಂದೆ ಎರ್ಲಿಖ್ ಒಂದು ಆಯುಷ್ಯವನ್ನೇ ಕಳೆದನು. ರಕ್ತ, ರೋಗಾಣು, ಔಷಧ, ಅರ್ಬುದ, ಆತನು ಕೈಹಾಕಿದ್ದೆಲ್ಲವೂ ಆ ‘ಹಿಡಿತ’ವೆಂಬ ಒಂದೇ ಪ್ರಶ್ನೆಯ ರೂಪಾಂತರಗಳು.

ಆತನು ಹುಟ್ಟಿದ್ದು 1854ರ ಮಾರ್ಚ್ 14ರಂದು, ಅಂದು ಜರ್ಮನರದಾಗಿದ್ದು ಇಂದು ಪೋಲೆಂಡಿಗೆ ಸೇರಿರುವ ಸೈಲೀಸಿಯದ ಸ್ಟ್ರೇಲೆನ್ ಎಂಬ ಸಣ್ಣ ಪಟ್ಟಣದ ಯಹೂದಿ ಮನೆತನದಲ್ಲಿ. ಅದಾದ ಎರಡು ವರ್ಷಕ್ಕೆ, 1856ರಲ್ಲಿ, ಲಂಡನ್ನಿನ ಹದಿನೆಂಟರ ತರುಣ ಪರ್ಕಿನ್ ಕ್ವಿನೈನನ್ನು ತಯಾರಿಸಹೊರಟು ಕೈತಪ್ಪಿ ಡಾಂಬರಿನಿಂದ ನೇರಳೆ ಬಣ್ಣವನ್ನು ತೆಗೆದನು. ಅಲ್ಲಿಂದ ಮುಂದೆ ಜರ್ಮನಿಯ ಕಾರ್ಖಾನೆಗಳು ಹೊಸ ಹೊಸ ಕೃತಕವರ್ಣಗಳನ್ನು ಹೊರಡಿಸತೊಡಗಿ, ಕೊನೆಗೆ ನಮ್ಮ ದೇಶದ ನೀಲಿಯ ಹೊಲಗಳನ್ನೇ ಹಾಳುಗೆಡವಿದುವು. ಅದೇ ಬಣ್ಣಗಳು ವೈದ್ಯಶಾಸ್ತ್ರಕ್ಕೆ ಕಣ್ಣು ಕೊಟ್ಟುವೆಂಬುದೊಂದು ವಿಚಿತ್ರ. ಎರ್ಲಿಖನ ತಾಯಿಯ ಕಡೆಯ ಅಣ್ಣ ಕಾರ್ಲ್ ವೈಗರ್ಟ್, ಒಂಬತ್ತು ವರ್ಷ ಹಿರಿಯ, ಬ್ಯಾಕ್ಟೀರಿಯಗಳಿಗೆ ಮೊದಲು ಬಣ್ಣವೇರಿಸಿದವನು. ತಮ್ಮನಿಗೆ ಈ ಹುಚ್ಚು ಹತ್ತಿದ್ದು ಅವನಿಂದ. ಸ್ಟ್ರಾಸ್‌ಬುರ್ಗಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಇವನ ಮೇಜು ಬಣ್ಣಗಾರನ ಅಂಗಡಿಯ ಕಟ್ಟೆಯಂತಿರುತ್ತಿತ್ತಂತೆ. ಬಣ್ಣ ಹಾಕುವುದರಲ್ಲಿ ಜಾಣ, ಪರೀಕ್ಷೆಯಲ್ಲಿ ಮಾತ್ರ ಎಂದೂ ಪಾಸಾಗಲಾರನೆಂದು ಗುರುಗಳು ಇವನನ್ನು ರಾಬರ್ಟ್ ಕಾಖನಿಗೆ ತೋರಿಸಿ ಹೇಳಿದರೆಂಬ ಕಥೆಯೂ ಉಂಟು. 1878ರಲ್ಲಿ ಲೈಪ್‌ಜಿಗ್‌ನಲ್ಲಿ ಪಾಸೇನೋ ಆದನು. ಪ್ರಬಂಧದ ವಿಷಯ ಮಾತ್ರ ಮತ್ತೆ ಬಣ್ಣವೇ.

ಅದುವರೆಗೆ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವರು ಹಸಿಯಾಗಿಯೇ ನೋಡುತ್ತಿದ್ದರು. ಬಿಳಿಯ ಕಣಗಳು ತೇಲುವ ಮಂಜಿನ ಉಂಡೆಗಳಂತೆ, ಒಂದಕ್ಕೂ ಇನ್ನೊಂದಕ್ಕೂ ಭೇದ ಸುಲಭವಾಗಿ ತಿಳಿಯದಂತೆ, ಕಾಣುತ್ತಿದ್ದುವು. ಬರ್ಲಿನ್ನಿನ ಶಾರಿಟೆ ಆಸ್ಪತ್ರೆಗೆ ಸೇರಿದ ತರುಣ ಎರ್ಲಿಖ್ ಒಂದು ಹನಿಯನ್ನು ಗಾಜಿನ ಮೇಲೆ ತೆಳ್ಳಗೆ ಸವರಿ, ತಾಮ್ರದ ತಟ್ಟೆಯ ಮೇಲೆ ಕಾಯಿಸಿ ಒಣಗಿಸಿ, ಅದಕ್ಕೆ ಆಮ್ಲಜಾತಿಯ ಮತ್ತು ಕ್ಷಾರಜಾತಿಯ ವರ್ಣಗಳನ್ನು ಕೊಟ್ಟು ನೋಡಿದನು. ಹಾಗೆ ನೋಡಿದಾಗ, ರೇಷ್ಮೆಯೂ ಹತ್ತಿಯೂ ಒಂದೇ ಬಾನಿಯಲ್ಲಿ ಬೇರೆಯಾಗುವಂತೆಯೇ, ಕಣಗಳು ತಮ್ಮ ತಮ್ಮ ಜಾತಿಯನ್ನು ತಾವೇ ಹೇಳಿಕೊಂಡುವು: ಕೆಲವುಗಳ ಒಳಗಿನ ಕಾಳುಗಳು ಆಮ್ಲವರ್ಣವನ್ನು ಹಿಡಿದುವು, ಕೆಲವು ಕ್ಷಾರವರ್ಣವನ್ನು, ಇನ್ನು ಕೆಲವು ತಟಸ್ಥವಾಗಿ ಎರಡರ ಮಿಶ್ರಣವನ್ನು. ಆಮ್ಲವರ್ಣಗಳಲ್ಲಿ ಆತನಿಗೆ ಒದಗಿದ್ದು ಕಾರೋ ಎಂಬ ರಸಾಯನಜ್ಞ 1874ರಲ್ಲಿ ತಯಾರಿಸಿದ ‘ಇಯೊಸಿನ್’ ಎಂಬ ಅರುಣರಾಗದ ಬಣ್ಣ. ಇಯೊಸ್ ಎಂದರೆ ಗ್ರೀಕರ ಅರುಣೋದಯದ ದೇವಿ. ನಮ್ಮ ವೇದದ ಉಷಸ್ಸಿಗೂ ಆ ಶಬ್ದಕ್ಕೂ ಮೂಲ ಒಂದೇ. ಇಯೊಸಿನನ್ನು ಪ್ರೀತಿಸುವ ಕಣವೇ ಇಯೊಸಿನೊಫಿಲ್. ಉಪಾಧ್ಯಾಯರೆ, ನಾಲಿಗೆ ಹೊರಳದಿದ್ದರೆ ತಾವು ಅದನ್ನು ‘ಉಷಾಪ್ರಿಯ’ ಎಂದು ಕರೆಯಬಹುದು. ಎರ್ಲಿಖನ ಆತ್ಮಕ್ಕೆ ಬೇಸರವಾಗಲಾರದು.

ನೆರೆಹೊರೆಯವರು ಹೆದರಿಸುವ ರಕ್ತದ ಕ್ಯಾನ್ಸರನ್ನು, ಎಂದರೆ ಬಿಳಿಯ ರಕ್ತದ ರೋಗವನ್ನು, ಎಡಿನ್‌ಬರೋದ ಬೆನೆಟ್ ಮತ್ತು ಬರ್ಲಿನ್ನಿನ ವಿರ್ಖೋ ಇಬ್ಬರೂ 1845ರಲ್ಲಿಯೇ ವರ್ಣಿಸಿ, ಯಾರು ಮೊದಲೆಂದು ಜಗಳವಾಡಿಯೂ ಆಗಿತ್ತು. ‘ಲ್ಯುಕೀಮಿಯ’ ಎಂಬ ಹೆಸರು ವಿರ್ಖೋನದು. ಆದರೆ ಅದು ಒಂದೇ ರೋಗವಲ್ಲ, ಯಾವ ವಂಶದ ಕಣ ಹುಚ್ಚೆದ್ದು ಬೆಳೆದಿದೆಯೆಂಬುದರ ಮೇಲೆ ಅದರಲ್ಲಿ ಭೇದಗಳುಂಟೆಂದು ಕಣ್ಣಿಗೆ ಕಾಣುವಂತೆ ಮಾಡಿದ್ದು ಎರ್ಲಿಖನ ಬಣ್ಣ. 1888ರಲ್ಲಿ ಗರ್ಭಿಣಿಯೊಬ್ಬಳ ಮರಣೋತ್ತರ ಪರೀಕ್ಷೆಯಲ್ಲಿ, ಕೆಂಪಾಗಿರಬೇಕಾದ ಮಜ್ಜೆಯು ಕೊಬ್ಬಾಗಿ ಹಳದಿಗಟ್ಟಿದ್ದುದನ್ನು ಕಂಡು, ರಕ್ತವನ್ನು ಹೆರುವ ಮಜ್ಜೆಯೇ ಬಂಜೆಯಾಗುವ ಇನ್ನೊಂದು ರೋಗವನ್ನೂ ಅವನೇ ಮೊದಲು ವರ್ಣಿಸಿದನು. ಕಾಖ್ ಕ್ಷಯದ ಅಣುವನ್ನು ಪ್ರಕಟಿಸಿದ 1882ರ ಮಾರ್ಚ್ 24ರ ಸಭೆಯಲ್ಲಿದ್ದು, ಆ ಅಣುವಿಗೆ ಹೆಚ್ಚು ಉತ್ತಮವಾದ ಬಣ್ಣಗಾರಿಕೆಯನ್ನು ಕೂಡಲೇ ಕಂಡುಹಿಡಿದವನೂ ಅವನೇ; ಮುಂದೆ ತನ್ನದೇ ಕಫದಲ್ಲಿ ಆ ಅಣುವನ್ನು ಕಂಡು ಈಜಿಪ್ಟಿನ ಒಣಹವೆಗೆ ಹೋಗಿಬರಬೇಕಾಯಿತು.

ಇಲ್ಲಿ ಒಂದು ಸಣ್ಣ ಅಡ್ಡಮಾತು. ಜರ್ಮನ್ ಪಂಡಿತನೆಂದರೆ ಕನ್ನಡಿಗರಿಗೆ ನೆನಪಾಗುವವನು ಕಿಟ್ಟೆಲ್. ಅವನ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದ 1894ರ ಹೊತ್ತಿಗೆ ಎರ್ಲಿಖ್ ಬರ್ಲಿನ್ನಿನಲ್ಲಿ ಗಂಟಲುಮಾರಿಯ ಪ್ರತಿವಿಷವನ್ನು ಅಳೆಯುವ ಕೆಲಸದಲ್ಲಿದ್ದನು. ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ, ಹೆಸರಿಟ್ಟು, ಪಟ್ಟಿಗೆ ಸೇರಿಸುವ ಆ ಜರ್ಮನ್ ಛಲ ಇಬ್ಬರಲ್ಲಿಯೂ ಒಂದೇ ಬಗೆಯದು.

ಬಣ್ಣವು ರೋಗಾಣುವನ್ನು ಹಿಡಿಯುವುದಾದರೆ, ಹಿಡಿದ ಬಣ್ಣವೇ ಅದನ್ನು ಏಕೆ ಕೊಲ್ಲಬಾರದು? ಇದೇ ಎರ್ಲಿಖನ ಮುಂದಿನ ಹೆಜ್ಜೆ. 1891ರಲ್ಲಿ ಮಲೇರಿಯದ ಇಬ್ಬರು ರೋಗಿಗಳಿಗೆ ಮೀಥಿಲೀನ್ ನೀಲಿಯನ್ನು ಕೊಟ್ಟು ಫಲ ಕಂಡನು. 1908ರಲ್ಲಿ ನೊಬೆಲ್ ಪಾರಿತೋಷಕ ಬಂದುದು ರೋಗನಿರೋಧಶಕ್ತಿಯ ಸಂಶೋಧನೆಗಾಗಿ. ಲೋಕಪ್ರಸಿದ್ಧಿ ಬಂದುದು ಮಾತ್ರ ಮರುವರ್ಷ, ಜಪಾನಿನ ಹಾತಾ ಎಂಬ ಸಹಾಯಕನು ಮೂಲೆಗೆ ಬಿದ್ದಿದ್ದ 606ನೆಯ ಸಂಖ್ಯೆಯ ಪಾಷಾಣಸಂಯುಕ್ತವನ್ನು ಮತ್ತೆ ಪರೀಕ್ಷಿಸಿ, ಅದು ಫರಂಗಿರೋಗದ ಅಣುವನ್ನು ಕೊಲ್ಲುವುದೆಂದು ತೋರಿಸಿದಾಗ. 1910ರಲ್ಲಿ ಅದು ಸಾಲ್ವರ್ಸಾನ್ ಎಂಬ ಹೆಸರಿನಿಂದ ಪೇಟೆಗೆ ಬಂದಿತು.

ರೋಗವನ್ನು ಮಾತ್ರ ಹೊಡೆದು ಮೈಯನ್ನು ಬಿಡುವ ಔಷಧವೆಂಬ ಅರ್ಥದ, ಎರ್ಲಿಖನ ‘ಮಾಯಾಗುಂಡು’ ಎಂಬ ಮಾತು ಪತ್ರಿಕೆಗಳ ಬಾಯಿಗೆ ಬಿದ್ದದ್ದು ಆಗಲೇ, ಇಂದಿಗೂ ಹೊಸ ಕ್ಯಾನ್ಸರ್ ಔಷಧವೊಂದು ಬಂದಾಗಲೆಲ್ಲ ಅದನ್ನು ಅಲಂಕಾರವಾಗಿ ತೊಡಿಸುವುದುಂಟು. ನನಗೆ ಆ ಮಾತಿನಲ್ಲಿ ಪ್ರೀತಿಯಿಲ್ಲ. ಗುಂಡಿನ ಗುರಿಯೇನೆಂಬುದನ್ನು ಕಿತ್ತೂರಿನವರಿಗೆ ಹೊಸದಾಗಿ ಹೇಳಬೇಕಾದದ್ದಿಲ್ಲ: 1824ರ ಅಕ್ಟೋಬರ್ 23ರಂದು ಕಿತ್ತೂರಿನ ಯುದ್ಧದಲ್ಲಿ ಅಮಟೂರು ಬಾಳಪ್ಪನ ಗುಂಡಿಗೆ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಉರುಳಿದನೆಂಬುದನ್ನು ಅಲ್ಲಿಯ ಮಕ್ಕಳೂ ಬಲ್ಲರು. ಆದರೆ ಆ ಗುಂಡಿನ ಹಿಂದೆ ಬಾಳಪ್ಪನ ಕಣ್ಣಿತ್ತು. ಔಷಧದ ಹಿಂದೆ ಯಾರ ಕಣ್ಣೂ ಇಲ್ಲ. ನೆತ್ತರಿನಲ್ಲಿ ಬೆರೆತು ಮೈಯೆಲ್ಲ ಸುತ್ತುವ ಅದು, ಬಾನಿಯ ಬಣ್ಣದಂತೆ, ಎಲ್ಲ ನೂಲನ್ನೂ ಮುಟ್ಟುತ್ತದೆ, ಕೆಲವನ್ನು ಹೆಚ್ಚು ಹಿಡಿಯುತ್ತದೆ. ಕ್ಯಾನ್ಸರಿನ ಕಣವೋ ಪರದೇಶದ ನೂಲಲ್ಲ, ನಮ್ಮದೇ ಮಗ್ಗದ್ದು. ಅದನ್ನು ಹಿಡಿದು ಇದನ್ನು ಬಿಡುವ ಬಣ್ಣ ಸಿಕ್ಕುವುದು ಕಷ್ಟ. ಫ್ರಾಂಕ್‌ಫುರ್ಟಿನಲ್ಲಿ ಇಲಿಯಿಂದ ಇಲಿಗೆ ಗೆಡ್ಡೆಗಳನ್ನು ನಾಟಿ ವರ್ಷಗಟ್ಟಲೆ ಶ್ರಮಿಸಿದ ಎರ್ಲಿಖನಿಗೆ ಈ ಕಷ್ಟ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು. ಅರ್ಬುದಕ್ಕೆ ಔಷಧ ಅವನಿಗೆ ದೊರೆಯಲಿಲ್ಲ. ಮೈಯಲ್ಲಿ ಅರ್ಬುದದ ಬೀಜಗಳು ಆಗಾಗ ಮೊಳೆಯುತ್ತಿರಬೇಕೆಂದೂ, ದೇಹದ ಸ್ವಂತ ರಕ್ಷಣಾಬಲವೇ ಅವನ್ನು ಚಿವುಟುತ್ತಿರಬೇಕೆಂದೂ 1909ರಲ್ಲಿ ಊಹಿಸಿ ಸುಮ್ಮನಾದನು. ಇಂದಿನ ಪ್ರತಿರಕ್ಷಾ ಚಿಕಿತ್ಸೆಯವರು ಆ ಊಹೆಯನ್ನು ಕೃತಜ್ಞತೆಯಿಂದ ನೆನೆಯುತ್ತಾರೆ.

ಸಾಲ್ವರ್ಸಾನಿನ ಅಡ್ಡಪರಿಣಾಮಗಳ ಆರೋಪಗಳು, ದಿನಕ್ಕೆ ಇಪ್ಪತ್ತೈದು ಚುಟ್ಟಾಗಳು, ಆಮೇಲೆ ಮಹಾಯುದ್ಧ, ಇವೆಲ್ಲ ಸೇರಿ ಆತನನ್ನು ಜೀರ್ಣಗೊಳಿಸಿದುವು. 1915ರ ಆಗಸ್ಟ್ 20ರಂದು ತೀರಿಕೊಂಡನು. ಮುಂದೆ ನಾಜಿಗಳು ಯಹೂದಿಯೆಂಬ ಕಾರಣಕ್ಕೆ ಅವನ ಹೆಸರಿನ ಬೀದಿಯ ಫಲಕವನ್ನು ಕಿತ್ತರು.

ಒಂದು ಬಗೆಯ ಬಿಳಿರಕ್ತದ ಕ್ಯಾನ್ಸರಿಗೆ ಕೆಟ್ಟ ಪ್ರೋಟೀನೊಂದನ್ನೇ ಬಹುಮಟ್ಟಿಗೆ ಹಿಡಿಯುವ ಇಮ್ಯಾಟಿನಿಬ್ ಎಂಬ ಗುಳಿಗೆ ಬಂದದ್ದು 2001ರಲ್ಲಿ, ಅವನು ಸತ್ತು ಎಂಬತ್ತಾರು ವರ್ಷಕ್ಕೆ. ಅದರ ಮೊದಲು ಮಕ್ಕಳ ಲ್ಯುಕೀಮಿಯಕ್ಕೆ ದಾರಿ ತೋರಿಸಿದ ಔಷಧವು ಅಮೆರಿಕೆಯಲ್ಲಿ ದುಡಿದ ನಮ್ಮ ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾಯರ ಪ್ರಯೋಗಶಾಲೆಯಿಂದ ಬಂದಿತು. ಅವರ ಕಥೆಗೆ ಬೇರೆಯೇ ಲೇಖನ ಬೇಕು. ಇಂದು ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ, ಬೆಂಗಳೂರಿನ ಕಿದ್ವಾಯಿಗೋ ಬಸ್ಸು ಹತ್ತುವ ನಮ್ಮ ಸೀಮೆಯ ರೋಗಿಗಳ ಚಿಕಿತ್ಸೆ ಮೊದಲಾಗುವುದು ಬಣ್ಣ ಹಾಕಿದ ಒಂದು ಗಾಜಿನ ತುಣುಕಿನಿಂದಲೇ.

ಈಗ ಕಣಗಳನ್ನು ಎಣಿಸುವುದು ಬಹುಮಟ್ಟಿಗೆ ಯಂತ್ರ. ಆದರೂ ಅನುಮಾನ ಬಂದಾಗ ಮನುಷ್ಯನ ಕಣ್ಣೇ ನೋಡಬೇಕು. ಸವದತ್ತಿಯಲ್ಲಾಗಲಿ ಬೈಲಹೊಂಗಲದಲ್ಲಾಗಲಿ ಅದಕ್ಕೆ ಬಳಸುವ ಲೀಷ್ಮನ್ ಬಣ್ಣದ ಸೀಸೆಯಲ್ಲಿರುವುದು ಅದೇ ಇಯೊಸಿನ್, ಅದೇ ಮೀಥಿಲೀನ್ ನೀಲಿಯ ಸಂತತಿ, ಕರಗಿಸಲು ಮೆಥನಾಲ್. ಉಪಾಧ್ಯಾಯರೆ, ಮಗಳನ್ನು ಮತ್ತೆ ಪರೀಕ್ಷೆಗೆ ಕರೆದೊಯ್ಯುವಾಗ, ಪ್ರಯೋಗಶಾಲೆಯವರಿಗೆ ಬಿಡುವಿದ್ದರೆ ಒಂದು ನಿಮಿಷ ಆ ಗಾಜನ್ನು ಆಕೆಗೂ ತೋರಿಸಬೇಕೆಂದು ಕೇಳಿಕೊಳ್ಳಿರಿ. ಎರಡು ಹಾಲೆಯ ನೀಲಿ ಬೀಜದ ಸುತ್ತ ಕಿತ್ತಳೆಯ ದಪ್ಪ ಕಾಳುಗಳು ತುಂಬಿಕೊಂಡಿರುವ ಕಣವೇ ಉಷಾಪ್ರಿಯ. ಒಮ್ಮೆ ಕಂಡರೆ ಗುರುತು ತಪ್ಪುವುದಿಲ್ಲ.