ಬರಿದಾದ ಚೌಕಟ್ಟೂ ಸೊನ್ನೆಯೂ

ಅಂತರಜಾಲದ ಪುಟವೊಂದನ್ನು ತೆರೆದಾಗ ಅಲ್ಲಲ್ಲಿ ಒಳಗೇನೂ ಇಲ್ಲದ ಚೌಕಟ್ಟುಗಳು ಕಾಣುವುದುಂಟು. ಇವು ಹುಟ್ಟುವುದು ಹೇಗೆ? ಪುಟದ ಅಚ್ಚು ಒಂದೇ. ಅದರಲ್ಲಿ ತುಂಬುವ ವಿಷಯ ಮಾತ್ರ ಬೇರೆ ಬೇರೆ. ವಿಷಯವಿಲ್ಲದ ಕಡೆ ಅಚ್ಚಿನ ಗೆರೆಗಳಷ್ಟೇ ಉಳಿಯುತ್ತವೆ.

ಇವನ್ನು ಮರೆಮಾಡುವ ಕೆಲಸವನ್ನು ದೂರದ ಸರ್ವರ್ ಯಂತ್ರವೇ ಮಾಡಬೇಕೆಂದೇನೂ ಇಲ್ಲ. ಪುಟವು ನಮ್ಮ ಕೈಸೇರಿದ ಮೇಲೆ ಬ್ರೌಸರೇ ಅದನ್ನು ಮಾಡಬಲ್ಲುದು. ಅದಕ್ಕೆ ಆಜ್ಞೆ ಕೊಡುವ ಭಾಷೆ ಜಾವಾಸ್ಕ್ರಿಪ್ಟ್. 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಬ್ರೆಂಡನ್ ಐಕ್ ಅವರು ರಚಿಸಿದುದು. ಮರೆಮಾಡುವುದರಲ್ಲಿ ಎರಡು ಬಗೆ. ಊಟದ ಪಂಕ್ತಿಗೆ ಒಬ್ಬರು ಬಾರದಿದ್ದರೂ ಅವರ ಮಣೆ ತೆರವಾಗಿಯೇ ಇರುವಂತೆ, ಚೌಕಟ್ಟು ಕಾಣದಿದ್ದರೂ ಅದರ ಜಾಗ ಉಳಿಯುವುದು ಒಂದು ಬಗೆ. ಮಣೆಯನ್ನೂ ತೆಗೆದು ಪಕ್ಕದವರನ್ನು ಒತ್ತಾಗಿ ಕೂರಿಸುವಂತೆ, ಕೆಳಗಿನ ಭಾಗ ಮೇಲೇರಿ ನಿಲ್ಲುವುದು ಇನ್ನೊಂದು. ನಮಗೆ ಬೇಕಾದುದು ಎರಡನೆಯದು.

ಆದರೆ ಖಾಲಿ ಎಂದರೇನು? ಮನುಷ್ಯನ ಕಣ್ಣಿಗೆ ಇದು ಪ್ರಶ್ನೆಯೇ ಅಲ್ಲ. ಯಂತ್ರಕ್ಕೆ ಬಿಡಿಸಿ ಹೇಳಬೇಕು. ಎರಡು ಪದಗಳ ನಡುವೆ ಬಿಡುವಂಥ ತೆರಪೊಂದು ಚೌಕಟ್ಟಿನಲ್ಲಿದ್ದರೆ ಯಂತ್ರದ ಲೆಕ್ಕದಲ್ಲಿ ಅದೂ ಅಕ್ಷರವೇ. ಆದ್ದರಿಂದ ಮೊದಲು ತೆರಪುಗಳನ್ನು ಕಳೆದು ಅನಂತರ ನೋಡಬೇಕು. ಅಕ್ಷರವಿಲ್ಲವೆಂದೊಡನೆ ಮರೆಮಾಡುವಂತೆಯೂ ಇಲ್ಲ, ಒಳಗೊಂದು ಚಿತ್ರವಿರಬಹುದು.

ಈ ವಿಷಯದಲ್ಲಿ ನಾವೇ ಒಮ್ಮೆ ಎಡವಿದೆವು. ವಿದ್ಯಾರ್ಥಿಗಳ ಪ್ರಯೋಗದ ಅಳತೆಗಳನ್ನು ತೋರಿಸಲು ಪುಟವೊಂದನ್ನು ಸಿದ್ಧಪಡಿಸಿ, ಅಳತೆ ತುಂಬದ ಸಾಲುಗಳು ಮರೆಯಾಗುವಂತೆ ಆಜ್ಞೆ ಬರೆದಿದ್ದೆವು. ವೀಟ್‌ಸ್ಟೋನ್ ಸೇತುವೆಯ ಪ್ರಯೋಗದಲ್ಲಿ ವಿದ್ಯಾರ್ಥಿನಿಯೊಬ್ಬಳ ಮುಖ್ಯವಾದ ಸಾಲೇ ಕಾಣಲಿಲ್ಲ. ಅವಳು ಅಳತೆಯನ್ನೇ ಮಾಡಿಲ್ಲವೆಂದು ಅಂಕ ಕಳೆಯುವುದರಲ್ಲಿದ್ದೆವು. ಅವಳು ಪ್ರಯೋಗಶಾಲೆಯ ಪುಸ್ತಕವನ್ನು ಮುಂದಿಟ್ಟಾಗ ನೋಡಿದರೆ, ಗ್ಯಾಲ್ವನೋಮೀಟರಿನ ವಿಚಲನೆ 0 ಎಂದು ಸ್ಪಷ್ಟವಾಗಿ ಬರೆದಿದ್ದಳು! ಸೇತುವೆ ಸಮತೋಲಕ್ಕೆ ಬಂದಿತೆಂಬುದಕ್ಕೆ ಅದೇ ಗುರುತಷ್ಟೆ.

ತಪ್ಪು ನಮ್ಮ ಆಜ್ಞೆಯದು. ಅದು ಬರೆದುದನ್ನೆಲ್ಲ ಮೊದಲು ಸಂಖ್ಯೆಯಾಗಿ ಮಾರ್ಪಡಿಸಿ ಪರೀಕ್ಷಿಸುತ್ತಿತ್ತು. ಜಾವಾಸ್ಕ್ರಿಪ್ಟಿನಲ್ಲಿ ಖಾಲಿ ಬರಹವನ್ನು ಸಂಖ್ಯೆಯಾಗಿಸಿದರೆ ಸಿಕ್ಕುವುದು 0. ಮೇಲಾಗಿ ಹೌದೋ ಅಲ್ಲವೋ ಎಂದು ಕೇಳಿದರೆ ಆ 0 ‘ಅಲ್ಲ’ ಎಂಬ ಗುಂಪಿಗೇ ಸೇರುತ್ತದೆ. ಹೀಗೆ ಅಳೆದು ಪಡೆದ ಸೊನ್ನೆಯೂ ಅಳೆಯದೆ ಬಿಟ್ಟ ಜಾಗವೂ ಯಂತ್ರಕ್ಕೆ ಒಂದೇ ಆದವು. ಬರಹವನ್ನು ಬರಹವಾಗಿಯೇ ಇಟ್ಟು, ತೆರಪು ಕಳೆದ ಮೇಲೆ ಒಂದು ಅಕ್ಷರವಾದರೂ ಉಳಿದಿದೆಯೇ ಎಂದು ಕೇಳುವಂತೆ ಆಜ್ಞೆಯನ್ನು ತಿದ್ದಿದೆವು. ಸಾಲು ಮರಳಿ ಬಂದಿತು; ಅವಳ ಅಂಕವೂ ಉಳಿಯಿತು.

ಇಂಥ ಪುಟಗಳನ್ನು ರಚಿಸುವ ವಾಚಕರು 0 ಎಂದು ತುಂಬಿದ ಒಂದು ಸಾಲಿನಿಂದ ತಮ್ಮ ಆಜ್ಞೆಯನ್ನು ಮೊದಲು ಪರೀಕ್ಷಿಸಿ ನೋಡುವುದು ಒಳ್ಳೆಯದು.