ಬೆನ್ನ ಹಿಂದಿನ ಎಂಜಿನ್

ಕಾರಿನಲ್ಲಿ ಎಂಜಿನ್ ಕೂರುವುದಕ್ಕೆ ಇರುವುದು ಮೂರೇ ಜಾಗ. ಮುಂದಿನ ಅಚ್ಚಿನ ಮೇಲೋ ಅದಕ್ಕಿಂತ ಮುಂದೋ ಕೂತರೆ ಅದು ಮುಂದಿನ ಎಂಜಿನ್; ನಮ್ಮ ರಸ್ತೆಯ ಮೇಲಿನ ಬಹುಪಾಲು ಕಾರುಗಳು ಈ ಗುಂಪಿನವು. ಹಿಂದಿನ ಅಚ್ಚನ್ನೂ ದಾಟಿ ಬಾಲದಲ್ಲಿ ಕೂತರೆ ಹಿಂದಿನ ಎಂಜಿನ್. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಹೀಗಿತ್ತು, ಐರಾವತ ಎಂದು ಓಡುವ ವೋಲ್ವೋ ಬಸ್ಸೂ ಹೀಗೇ ಇದೆ. ಎಂಜಿನ್ನಿನ ಭಾರ ಎರಡು ಅಚ್ಚುಗಳ ನಡುವೆ ಬಿದ್ದರೆ ಅದು ನಡು ಎಂಜಿನ್. ವ್ಯಾಖ್ಯೆಗೆ ಇಷ್ಟು ಸಾಕು.

ಜನ ಎಡವುವುದು ಇದರ ಮುಂದೆ. ನಡು ಎಂಜಿನ್ ಅಂದಕೂಡಲೇ ಕೋಟಿ ಬೆಲೆಯ ಫೆರಾರಿ, ಲ್ಯಾಂಬೋರ್ಗಿನಿ ಕಣ್ಣಮುಂದೆ ಬರುತ್ತವೆ. ನಮ್ಮ ಊರಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳಿದವರಿಗೆ ನಾನು ಮಾರುತಿ ಓಮ್ನಿ ತೋರಿಸುತ್ತೇನೆ. ದೇವದುರ್ಗ, ಮಾನ್ವಿ ಕಡೆಯ ಯಾವ ಹಳ್ಳಿಗೆ ಹೋದರೂ ಓಮ್ನಿಯಲ್ಲಿ ಮದುವೆಗೆ ಹೋದವರಿದ್ದಾರೆ, ಕೃಷ್ಣೆಯ ದಡದ ಗೂಗಲ್ ಗ್ರಾಮಕ್ಕೆ ಅಲ್ಲಮಪ್ರಭುವಿನ ದರ್ಶನಕ್ಕೆ ಹೋಗಿ ಬಂದವರಿದ್ದಾರೆ. ಬೇಸಿಗೆಯಲ್ಲಿ ಅದರ ಮುಂದಿನ ಸೀಟಿನಲ್ಲಿ ಕೂತವರಿಗೆ ಎಂಜಿನ್ ಎಲ್ಲಿದೆ ಎಂದು ಬೇರೆ ಹೇಳಬೇಕಿಲ್ಲ. ಮೆಕ್ಯಾನಿಕ್ ಬಾನೆಟ್ ಹುಡುಕುವುದಿಲ್ಲ, ಸೀಟನ್ನೇ ಎತ್ತುತ್ತಾನೆ. ಮೂರು ಸಿಲಿಂಡರಿನ 796 ಸಿಸಿ ಎಂಜಿನ್ ಮುಂದಿನ ಅಚ್ಚಿನ ಹಿಂಬದಿಗೆ ಸೀಟಿನ ಕೆಳಗೆ ಮಲಗಿದೆ, ಓಡಿಸುವುದು ಹಿಂದಿನ ಗಾಲಿಗಳನ್ನು. ವ್ಯಾಖ್ಯೆಯ ಪ್ರಕಾರ ಓಮ್ನಿ ನಡು ಎಂಜಿನ್ ಗಾಡಿಯೇ. ರೇಸು ಗೆಲ್ಲಲು ಹಾಗಿಟ್ಟದ್ದಲ್ಲ, ಒಳಗೆ ಎಂಟು ಜನ ಹಿಡಿಸಲಿ ಎಂದು ಇಟ್ಟದ್ದು.

ಆ ವ್ಯಾನು ನಮ್ಮಲ್ಲಿ ಮಾರಾಟಕ್ಕೆ ಬಂದದ್ದು 1984ರಲ್ಲಿ. ಅದೇ ವರ್ಷ ಜಪಾನಿನಲ್ಲಿ ಟೊಯೋಟಾ ಕಂಪನಿ ಎಂಆರ್2 ಎಂಬ ಎರಡೇ ಸೀಟಿನ ಪುಟ್ಟ ಕಾರನ್ನು ಹೊರತಂದಿತು. ಎಂಜಿನ್ ಸೀಟಿನ ಹಿಂದೆ, ಹಿಂದಿನ ಅಚ್ಚಿನ ಮುಂದೆ. 1989ರಲ್ಲಿ ಎರಡನೆಯ ಪೀಳಿಗೆ ಬಂತು. 1999ರಲ್ಲಿ ಮೂರನೆಯದು ಬಂತು. ಅದು ಬಟ್ಟೆಯ ಟಾಪು ಹಿಂದಕ್ಕೆ ಮಡಚಿ ಆಕಾಶಕ್ಕೆ ತೆರೆದುಕೊಳ್ಳುವ ಕಾರು. ಜಪಾನಿನಲ್ಲಿ ಅದಕ್ಕೆ ಎಂಆರ್-ಎಸ್ ಎಂದೂ ಅಮೆರಿಕದಲ್ಲಿ ಎಂಆರ್2 ಸ್ಪೈಡರ್ ಎಂದೂ ಹೆಸರು. ಭಾರತದ ಷೋರೂಮಿಗೆ ಅದು ಬರಲಿಲ್ಲ. ಆದರೂ ನಮಗೆ ಅದು ತೀರಾ ಪರಕೀಯವಲ್ಲ. ಆ ಮಾತಿಗೆ ಆಮೇಲೆ ಬರೋಣ. ಮೊದಲು ಎಂಜಿನ್ನನ್ನು ನಡುವಿಗೆ ತಂದರೆ ಆಗುವ ಲಾಭ ಏನು ಎಂಬುದನ್ನು ಬಿಡಿಸಬೇಕು. ಈ ಅಧ್ಯಾಯದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

"ನಡು ಎಂಜಿನ್ ಕಾರು ಜೋರಾಗಿ ಓಡುತ್ತದೆ" ಎನ್ನುತ್ತಾರೆ. ತಪ್ಪು. ನೆಟ್ಟಗಿನ ರಸ್ತೆಯಲ್ಲಿ ಕಾರಿನ ಗರಿಷ್ಠ ವೇಗವನ್ನು ತೀರ್ಮಾನಿಸುವುದು ಎಂಜಿನ್ನಿನ ಶಕ್ತಿ ಮತ್ತು ಗಾಳಿಯ ತಡೆ. ಎಂಜಿನ್ ಎಲ್ಲಿ ಕೂತಿದೆ ಎಂಬುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ ಎನ್ನಬಹುದು. ಅದು ಲೆಕ್ಕಕ್ಕೆ ಬರುವುದು ತಿರುವಿನಲ್ಲಿ. ಹೆಗಲ ಮೇಲೆ ಕಾವಡಿ ಹೊತ್ತವನನ್ನು ನೆನೆಸಿಕೊಳ್ಳಿ. ಬಿದಿರಿನ ಎರಡು ತುದಿಗೆ ಎರಡು ತುಂಬಿದ ಕೊಡ. ಅವನಿಗೆ ನೇರ ನಡೆಯುವುದು ಕಷ್ಟವಲ್ಲ, ಗಕ್ಕನೆ ತಿರುಗುವುದು ಕಷ್ಟ. ತಿರುಗಿದ ಮೇಲೆ ನಿಲ್ಲುವುದು ಇನ್ನೂ ಕಷ್ಟ, ಕೊಡಗಳು ಅವನನ್ನು ಎಳೆದುಕೊಂಡು ಮುಂದೆ ಹೋಗುತ್ತವೆ. ಅವೇ ಎರಡು ಕೊಡಗಳನ್ನು ಎದೆಗೆ ಅವುಚಿಕೊಂಡರೆ ಒಟ್ಟು ತೂಕ ಒಂದು ತೊಲವೂ ಇಳಿಯುವುದಿಲ್ಲ, ಆದರೆ ಆಸಾಮಿ ಬೇಕಾದ ಕಡೆಗೆ ತಟ್ಟನೆ ತಿರುಗುತ್ತಾನೆ.

ಇದಕ್ಕೆ ಪಿಯುಸಿ ಭೌತಶಾಸ್ತ್ರದಲ್ಲಿ ಮೊಮೆಂಟ್ ಆಫ್ ಇನರ್ಷಿಯಾ ಎನ್ನುತ್ತಾರೆ. ತಿರುಗುವುದಕ್ಕೆ ವಸ್ತು ಒಡ್ಡುವ ತಡೆ ಅದು. ಪರೀಕ್ಷೆಗೆ ಉರುಹೊಡೆದು ಮರೆತವರೇ ಹೆಚ್ಚು, ಪಾಪ, ಅದನ್ನು ಯಾರೂ ಕಾರಿನಲ್ಲಿ ತೋರಿಸಿರುವುದಿಲ್ಲ. ತೂಕವನ್ನು ನಡುಬಿಂದುವಿನಿಂದ ಅದಕ್ಕಿರುವ ದೂರದ ವರ್ಗದಿಂದ ಗುಣಿಸಬೇಕು. ಎಂಜಿನ್, ಗೇರ್‌ಬಾಕ್ಸ್ ಎರಡೂ ಸೇರಿ 150 ಕಿಲೋ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಕಾರಿನ ಭಾರಕೇಂದ್ರದಿಂದ ಅದು 1.4 ಮೀಟರ್ ಮುಂದಿದ್ದರೆ ತಡೆ 294. ಅದನ್ನೇ ಭಾರಕೇಂದ್ರದ ಹತ್ತಿರ, 0.7 ಮೀಟರ್ ದೂರಕ್ಕೆ ತಂದರೆ 73.5. ದೂರ ಅರ್ಧವಾಯಿತು, ತಡೆ ಕಾಲುಭಾಗಕ್ಕೆ ಇಳಿಯಿತು. ವರ್ಗ ಎಂದು ಸೂಚಿಸುವ ಆ ಸಣ್ಣ ಎರಡರ ಅಂಕಿ ಮಾಡುವ ಕೆಲಸ ಇದು. ಗಾಲಿ, ಬಂಪರ್, ರೇಡಿಯೇಟರ್ ಮುಂತಾದವು ಇದ್ದಲ್ಲೇ ಇರುತ್ತವೆ, ಹಾಗಾಗಿ ಇಡೀ ಕಾರಿನ ತಡೆ ಈ ಪ್ರಮಾಣದಲ್ಲಿ ಇಳಿಯುವುದಿಲ್ಲ. ಆದರೂ ಸ್ಟೇರಿಂಗ್ ಹಿಡಿದವನ ಕೈಗೆ ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನೂ ಎರಡು ಲಾಭಗಳಿವೆ. ಓಡಿಸುವ ಗಾಲಿಗಳ ಮೇಲೆ ಭಾರ ಇರುವುದರಿಂದ ಹೊರಡುವಾಗ ಅವು ಜಾರದೆ ನೆಲ ಹಿಡಿಯುತ್ತವೆ. ಬ್ರೇಕ್ ಒತ್ತಿದಾಗ ಯಾವ ಕಾರಿನದಾದರೂ ಭಾರ ಮುಂದಕ್ಕೆ ವಾಲುತ್ತದೆ. ಹಿಂದೆ ಮೊದಲೇ ಭಾರ ಇದ್ದರೆ ನಾಲ್ಕೂ ಟೈರುಗಳು ಕೆಲಸ ಹಂಚಿಕೊಳ್ಳುತ್ತವೆ. ರೇಸಿನವರಿಗೆ ಇದು ಬೇಗ ಗೊತ್ತಾಯಿತು. 1958ರ ಅರ್ಜೆಂಟೀನಾ ಗ್ರ್ಯಾಂಡ್ ಪ್ರಿಯಲ್ಲಿ ಸ್ಟರ್ಲಿಂಗ್ ಮಾಸ್ ನಡು ಎಂಜಿನ್ನಿನ ಪುಟ್ಟ ಕೂಪರ್ ಕಾರಿನಲ್ಲಿ ಗೆದ್ದ, ಮರುವರ್ಷ ಜಾಕ್ ಬ್ರಾಭಮ್ ಕೂಪರ್‌ನಲ್ಲೇ ವಿಶ್ವ ಚಾಂಪಿಯನ್ ಆದ. ಅಲ್ಲಿಂದ ಕೆಲವೇ ವರ್ಷಗಳಲ್ಲಿ ಫಾರ್ಮುಲಾ ಒನ್‌ನಿಂದ ಮುಂದಿನ ಎಂಜಿನ್ ಮಾಯವಾಯಿತು.

ಆದರೆ ಸುಲಭವಾಗಿ ತಿರುಗುವುದು ಸುಲಭವಾಗಿ ಗಿರಕಿಯನ್ನೂ ಹೊಡೆಯುತ್ತದೆ. ತಿರುವಿನ ನಡುವೆ ಗಾಬರಿಯಾಗಿ ಚಾಲಕ ಆಕ್ಸಿಲರೇಟರಿನಿಂದ ಕಾಲು ತೆಗೆದನೆನ್ನಿ. ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಟೈರುಗಳ ಮೇಲಿನ ಒತ್ತಡ ಇಳಿಯುತ್ತದೆ, ಬಾಲ ಹೊರಕ್ಕೆ ಜಾರುತ್ತದೆ. ಒಮ್ಮೆ ಜಾರಿತೆಂದರೆ ಹಿಡಿದು ನಿಲ್ಲಿಸಲು ಸಿಗುವ ಸಮಯ ಕಡಿಮೆ. ಎರಡನೆಯ ಪೀಳಿಗೆಯ ಎಂಆರ್2ಗೆ ಈ ಕೆಟ್ಟ ಹೆಸರು ಅಂಟಿಕೊಂಡಿತ್ತು. ಕೆಲವು ವರ್ಷಗಳಲ್ಲೇ ಕಂಪನಿ ಸಸ್ಪೆನ್ಷನ್ನನ್ನೂ ಟೈರುಗಳನ್ನೂ ಬದಲಿಸಿತು. ಮೂರನೆಯ ಪೀಳಿಗೆಯಲ್ಲಿ ಮುಂದಿನ ಟೈರು 185 ಮಿಲಿಮೀಟರ್ ಅಗಲ, ಹಿಂದಿನದು 205. ಅಲಂಕಾರಕ್ಕಲ್ಲ, ಬಾಲ ಕೊನೆಯವರೆಗೂ ನೆಲ ಬಿಡದಿರಲಿ ಎಂದು.

ಇಷ್ಟೆಲ್ಲ ಗುಣವಿರುವ ಕಾರು ಅಗ್ಗವಾಗುವುದು ಹೇಗೆ? ಇಲ್ಲೊಂದು ಜಾಣತನವಿದೆ. ಕೊರೊಲ್ಲಾದಂಥ ಮನೆಮಂದಿಯ ಕಾರಿನಲ್ಲಿ ಎಂಜಿನ್ ಅಡ್ಡಡ್ಡ ಕೂತಿರುತ್ತದೆ, ಪಕ್ಕದಲ್ಲೇ ಗೇರ್‌ಬಾಕ್ಸ್, ಅಲ್ಲಿಂದಲೇ ಮುಂದಿನ ಗಾಲಿಗಳಿಗೆ ಎರಡು ಶಾಫ್ಟು. ಇದಿಷ್ಟೂ ಒಂದೇ ಗಂಟು. ಆ ಗಂಟನ್ನು ಬಿಚ್ಚದೆ ಹಾಗೇ ಎತ್ತಿ ಸೀಟಿನ ಹಿಂದೆ ಇಟ್ಟರೆ ಅವೇ ಶಾಫ್ಟುಗಳು ಹಿಂದಿನ ಗಾಲಿ ತಿರುಗಿಸುತ್ತವೆ. ಹೊಸ ಎಂಜಿನ್ ಬೇಡ, ಹೊಸ ಗೇರ್‌ಬಾಕ್ಸ್ ಬೇಡ, ಲಕ್ಷಗಟ್ಟಲೆ ತಯಾರಾಗುವ ಸಾಮಾನೇ ಸಾಕು. ಇಟಲಿಯ ಫಿಯಟ್ 1972ರಲ್ಲಿ ತನ್ನ 128 ಕಾರಿನ ಗಂಟನ್ನು ಹೀಗೆ ಹಿಂದಕ್ಕಿಟ್ಟು ಎಕ್ಸ್1/9 ಮಾಡಿತ್ತು. ನಮ್ಮ ಹಳೆಯ ವಕೀಲರು, ಡಾಕ್ಟರರು ಪ್ರೀತಿಯಿಂದ ಇಟ್ಟುಕೊಂಡಿದ್ದ ಪ್ರೀಮಿಯರ್ ಪದ್ಮಿನಿಯೂ ಅದೇ ಫಿಯಟ್ ಮನೆತನದ್ದು. ಟೊಯೋಟಾ ಎಂಆರ್-ಎಸ್‌ಗೆ ಹಾಕಿದ್ದು 1,794 ಸಿಸಿಯ 1ಝಡ್‌ಝಡ್ ಎಂಜಿನ್, ಸುಮಾರು 140 ಅಶ್ವಶಕ್ತಿ. ಬಿಡದಿಯ ಟೊಯೋಟಾ ಕಾರ್ಖಾನೆಯಿಂದ 2003ರಿಂದ ಹೊರಬಂದ ಕೊರೊಲ್ಲಾದ ಬಾನೆಟ್ ಎತ್ತಿದರೆ ಕಾಣುವುದೂ ಅದೇ 1ಝಡ್‌ಝಡ್, ಶಕ್ತಿ ತುಸು ಕಡಿಮೆ ಅಷ್ಟೇ. ಕಾರು ಬರದಿದ್ದರೂ ಅದರ ಎಂಜಿನ್ ನಮ್ಮ ರಾಮನಗರದ ದಾರಿಯಲ್ಲೇ ಓಡಾಡಿತು.

ಪುಕ್ಕಟೆ ಏನೂ ಸಿಗುವುದಿಲ್ಲ. ಎಂಜಿನ್ ಹಿಂದೆ, ಗಾಳಿ ಸಿಗುವುದು ಮುಂದೆ. ಆದ್ದರಿಂದ ರೇಡಿಯೇಟರ್ ಮೂಗಿನಲ್ಲೇ ಉಳಿಯುತ್ತದೆ, ನೀರು ಕಾರಿನ ಹೊಟ್ಟೆಯಡಿಯ ಉದ್ದನೆಯ ಕೊಳವೆಗಳಲ್ಲಿ ಹೋಗಿ ಬರಬೇಕು. ಆ ಕೊಳವೆಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡರೆ ಎಂಜಿನ್ ಬಿಸಿ ಏರುತ್ತದೆ. ನೀರು ಬದಲಿಸುವಾಗ ಗಾಳಿ ಪೂರ್ತಿ ಹೊರಡಿಸಲು ಮೆಕ್ಯಾನಿಕ್‌ಗೆ ತಾಳ್ಮೆ ಬೇಕು. ಸಾಮಾನಿಗೂ ಜಾಗವಿಲ್ಲ. ಎಂಆರ್-ಎಸ್‌ನಲ್ಲಿ ಡಿಕ್ಕಿ ಎಂಬುದೇ ಇಲ್ಲ. ಸೀಟಿನ ಬೆನ್ನ ಹಿಂದೆ ಒಂದು ಕಿರಿದಾದ ಗೂಡು, ಅಷ್ಟೇ. ಬೀಗರ ಮನೆಗೆ ಬುತ್ತಿ ಒಯ್ಯುವ ಗಾಡಿ ಇದಲ್ಲ.

ಟಾಪಿನ ಬಗ್ಗೆಯೂ ಒಂದು ಮಾತು. ಚಾವಣಿ ಕತ್ತರಿಸಿದರೆ ಕಾರು ಹಗುರವಾಗುತ್ತದೆ ಎಂದುಕೊಳ್ಳುವವರು ಬಹಳ. ಸಾಮಾನ್ಯವಾಗಿ ಭಾರವಾಗುತ್ತದೆ. ಚಾವಣಿ ಬರೀ ನೆರಳಲ್ಲ. ಮುಂದಿನ ಕಂಬ, ಹಿಂದಿನ ಕಂಬ, ನೆಲ ಎಲ್ಲವನ್ನೂ ಬಿಗಿದು ಹಿಡಿಯುವ ಭಾಗ ಅದು. ಅದನ್ನು ತೆಗೆದರೆ ಹಳ್ಳ ದಿಣ್ಣೆ ಹತ್ತುವಾಗ ಕಾರಿನ ಮೈ ತಿರುಚಿಕೊಳ್ಳುತ್ತದೆ, ಬಾಗಿಲು ಕಿರುಗುಟ್ಟುತ್ತದೆ. ಅದಕ್ಕೆ ಬಾಗಿಲ ಕೆಳಗಿನ ಪಟ್ಟಿಗೂ ನೆಲಕ್ಕೂ ಹೆಚ್ಚಿನ ಉಕ್ಕು ಹಾಕಬೇಕು. ಎಂಆರ್-ಎಸ್ ಮೊದಲಿನಿಂದಲೇ ತೆರೆದ ಕಾರೆಂದು ರೂಪಿಸಿದ್ದು, ಮುಚ್ಚಿದ ಕಾರನ್ನು ಆಮೇಲೆ ಕತ್ತರಿಸಿದ್ದಲ್ಲ. ಆದ್ದರಿಂದಲೇ ಒಂದು ಟನ್ನಿನ ಆಸುಪಾಸಿನಲ್ಲೇ ನಿಂತಿತು. ಟಾಪು ಮಡಚಲು ಮೋಟರ್ ಕೂಡ ಇಲ್ಲ, ಕೊಂಡಿ ಬಿಡಿಸಿ ಕೈಯಿಂದಲೇ ಹಿಂದಕ್ಕೆ ತಳ್ಳಬೇಕು. ಮೋಟರ್ ಬಿಟ್ಟದ್ದರಿಂದ ತೂಕವೂ ಉಳಿಯಿತು, ಹಣವೂ ಉಳಿಯಿತು. ನನ್ನನ್ನು ಕೇಳಿದರೆ ಇಡೀ ಕಾರಿನಲ್ಲಿ ಅತ್ಯಂತ ವಿವೇಕದ ನಿರ್ಧಾರ ಅದೇ.

ಇಂಥ ಲೆಕ್ಕಾಚಾರದ ಬುದ್ಧಿ ಟೊಯೋಟಾ ಕಂಪನಿಗೆ ಬಂದದ್ದು ಹತ್ತಿಯ ನೂಲಿನಿಂದ. ಅದರ ಮೂಲಪುರುಷ ಸಕಿಚಿ ಟೊಯೋಡಾ ಬಡಗಿಯ ಮಗ, ಹುಟ್ಟಿದ್ದು 1867ರಲ್ಲಿ. ಊರಿನ ಹೆಂಗಸರು ಮಗ್ಗದ ಮುಂದೆ ಬೆನ್ನು ಬಗ್ಗಿಸುವುದನ್ನು ನೋಡಿ ಬೆಳೆದವನು, ಮರದ ಕೈಮಗ್ಗ ಸುಧಾರಿಸಿ 1891ರಲ್ಲಿ ಪೇಟೆಂಟ್ ಪಡೆದ. ಯಂತ್ರಮಗ್ಗದ ದೊಡ್ಡ ತಲೆನೋವು ಏನೆಂದರೆ, ನೂಲು ತುಂಡಾದರೂ ಮಗ್ಗಕ್ಕೆ ಗೊತ್ತಾಗುವುದಿಲ್ಲ; ಕೆಟ್ಟ ಬಟ್ಟೆಯನ್ನೇ ನೇಯುತ್ತ ಹೋಗುತ್ತದೆ. ಒಂದೊಂದು ಮಗ್ಗಕ್ಕೂ ಕಾವಲು ಬೇಕು. ಸಕಿಚಿ ತನ್ನ ಮಗ್ಗಕ್ಕೆ ನೂಲು ಕಡಿದ ಕ್ಷಣ ತಾನೇ ನಿಲ್ಲುವುದನ್ನು ಕಲಿಸಿದ. 1924ರ ಜಿ ಮಾದರಿಯ ಮಗ್ಗ ಓಡುತ್ತಲೇ ಲಾಳಿಯನ್ನೂ ಬದಲಿಸಿಕೊಳ್ಳುತ್ತಿತ್ತು. ಒಬ್ಬ ನೇಕಾರ ಹತ್ತಾರು ಮಗ್ಗ ನೋಡಿಕೊಳ್ಳುವಂತಾಯಿತು. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ ಅದರ ಹಕ್ಕಿಗೆ ಒಂದು ಲಕ್ಷ ಪೌಂಡ್ ಕೊಡಲು ಒಪ್ಪಿತು. ಮಗ ಕಿಇಚಿರೋ ಮಗ್ಗದ ಕಾರ್ಖಾನೆಯಲ್ಲೇ 1933ರಲ್ಲಿ ಕಾರಿನ ವಿಭಾಗ ತೆರೆದ; 1936ರಲ್ಲಿ ಎಎ ಎಂಬ ಮೊದಲ ಕಾರು ಮಾರುಕಟ್ಟೆಗೆ ಬಂತು, 1937ರಲ್ಲಿ ಟೊಯೋಟಾ ಮೋಟರ್ ಕಂಪನಿ ಹುಟ್ಟಿತು. ತಪ್ಪು ಕಂಡ ಕೆಲಸಗಾರ ದಾರ ಎಳೆದು ಇಡೀ ಲೈನನ್ನೇ ನಿಲ್ಲಿಸಬಹುದು ಎಂಬ ಅವರ ಪದ್ಧತಿ ಆ ಮಗ್ಗದಿಂದಲೇ ಇಳಿದು ಬಂದದ್ದು. ಅಗ್ಗದ ಸಾಮಾನಿನಿಂದ ಮೋಜಿನ ಕಾರು ಮಾಡುವ ಚಾಳಿಯೂ ಅವರಿಗೆ ಹಳೆಯದು. 1965ರ ಸ್ಪೋರ್ಟ್ಸ್ 800 ಕಾರಿಗೆ ಹಾಕಿದ್ದು ಪಬ್ಲಿಕಾ ಎಂಬ ಬಡವರ ಕಾರಿನಿಂದ ಬೆಳೆಸಿದ ಎರಡು ಸಿಲಿಂಡರಿನ 790 ಸಿಸಿ ಎಂಜಿನ್. ಚಾವಣಿಯ ತುಂಡನ್ನು ಕೈಯಿಂದ ತೆಗೆದಿಡಬಹುದಿತ್ತು.

ಬಿಡದಿಯಲ್ಲಿ ಟೊಯೋಟಾಗೆ ಜೊತೆಯಾದ ಕಿರ್ಲೋಸ್ಕರ್ ಮನೆತನದ ಬೇರು ಇನ್ನೂ ಹತ್ತಿರದ್ದು. ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಎಂದು ರೈತರು ಮೊದಮೊದಲು ಕೊಳ್ಳಲಿಲ್ಲವಂತೆ. ಎರೆಹೊಲದಲ್ಲಿ ಮರದ ನೇಗಿಲು ಹಿಡಿದು ಸೋತವರಿಗೆ ಆಮೇಲೆ ಅದರ ಬೆಲೆ ತಿಳಿಯಿತು. ಆ ಮನೆತನದ ನಾಲ್ಕನೆಯ ತಲೆಮಾರಿನ ವಿಕ್ರಮ್ ಕಿರ್ಲೋಸ್ಕರ್ ಕಾಲದಲ್ಲಿ, 1997ರಲ್ಲಿ, ಟೊಯೋಟಾ ಕಿರ್ಲೋಸ್ಕರ್ ಮೋಟರ್ ಸ್ಥಾಪನೆಯಾಯಿತು. ಅದಕ್ಕೂ ಮೊದಲೇ ಇದೇ ಎರಡು ಮನೆತನಗಳು ಬೆಂಗಳೂರಿನ ಬಳಿ ಜಿಗಣಿಯಲ್ಲಿ ನೂಲುವ ಯಂತ್ರ ಮಾಡಲು ಕೈಜೋಡಿಸಿದ್ದವು. ಇಲ್ಲೂ ಹತ್ತಿಯೇ ಮೊದಲು, ಕಾರು ಆಮೇಲೆ.

ಎಂಆರ್-ಎಸ್ 2007ರಲ್ಲಿ ನಿಂತುಹೋಯಿತು. ಅಮೆರಿಕದಲ್ಲಿ ಅದೇ ಜಾತಿಯ ಪೋರ್ಷೆ ಬಾಕ್ಸ್‌ಟರ್‌ನ ಬೆಲೆಯ ಅರ್ಧದ ಸುಮಾರಿಗೆ ಸಿಗುತ್ತಿದ್ದ ಕಾರು ಅದು. ಆದರೂ ಎರಡೇ ಸೀಟು, ಡಿಕ್ಕಿ ಇಲ್ಲ ಎಂದರೆ ಕೊಳ್ಳುವವರು ಎಲ್ಲ ದೇಶದಲ್ಲೂ ಕಡಿಮೆಯೇ.

ಐಟಿಐ, ಡಿಪ್ಲೊಮಾ ಓದುವ ಹುಡುಗ ಹುಡುಗಿಯರಿಗೆ ನನ್ನದೊಂದು ಕೋರಿಕೆ. ಬಿಡದಿಯಲ್ಲಿ 2007ರಿಂದ ಹಳ್ಳಿಯ ಮಕ್ಕಳಿಗಾಗಿಯೇ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ ನಡೆಯುತ್ತಿದೆ, ವಿಚಾರಿಸಿ. ಆದರೆ ಅಲ್ಲಿಗೆ ಹೋಗುವವರೆಗೂ ಕಾಯಬೇಡಿ. ರಾಯಚೂರಿನ ಹತ್ತಿ ಮಾರುಕಟ್ಟೆಯ ಸುತ್ತ ವೇಬ್ರಿಡ್ಜ್‌ಗಳಿವೆ. ಲಾರಿಗಳ ಸಂದಣಿ ಇಲ್ಲದ ಹೊತ್ತಿನಲ್ಲಿ ಪರಿಚಯದವರ ಖಾಲಿ ಓಮ್ನಿ ಒಯ್ಯಿರಿ. ಮೊದಲು ಮುಂದಿನ ಗಾಲಿಗಳನ್ನಷ್ಟೇ ಕಟ್ಟೆಯ ಮೇಲೆ ಹತ್ತಿಸಿ ಅಂಕಿ ಬರೆದುಕೊಳ್ಳಿ, ಆಮೇಲೆ ಇಡೀ ಗಾಡಿ ತೂಗಿ. ಕಳೆದರೆ ಹಿಂದಿನ ಅಚ್ಚಿನ ಭಾರ ಸಿಗುತ್ತದೆ. ಎರಡು ಅಚ್ಚುಗಳ ಅಂತರವನ್ನು ಟೇಪಿನಿಂದ ಅಳೆದು, ಹಿಂದಿನ ಭಾರದಿಂದ ಗುಣಿಸಿ, ಒಟ್ಟು ಭಾರದಿಂದ ಭಾಗಿಸಿ. ಮುಂದಿನ ಅಚ್ಚಿನಿಂದ ಭಾರಕೇಂದ್ರ ಎಷ್ಟು ದೂರದಲ್ಲಿದೆ ಎಂಬುದು ಅದೇ. ಬಳಿಕ ಮುಂದಿನ ಎಂಜಿನ್ನಿನ ಯಾವುದಾದರೂ ಕಾರನ್ನು ಹೀಗೇ ತೂಗಿ ಹೋಲಿಸಿ. ಕೊನೆಗೆ ಓಮ್ನಿಯ ಹಿಂಬಾಗಿಲಿಗೆ ಒತ್ತಿ, ಹಿಂದಿನ ಅಚ್ಚಿನಿಂದಾಚೆಗೆ ಎರಡು ಚೀಲ ಜೋಳ ಹಾಕಿ ಮತ್ತೊಮ್ಮೆ ಮುಂದಿನ ಅಚ್ಚು ತೂಗಿ. ಗಾಡಿಯ ಒಟ್ಟು ತೂಕ ಏರಿದ್ದರೂ ಮುಂದಿನ ಅಂಕಿ ಇಳಿದಿರುತ್ತದೆ. ಏಕೆಂಬುದನ್ನು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ನೀವೇ ಕಂಡುಹಿಡಿಯಿರಿ.