ಗರಿಯ ಗೌರವ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳನ್ನೊಳಗೊಂಡ ಮೇಗುಂದದ ಸೀಮೆ ಅಡಿಕೆಯ ನಾಡು. ಅಡಿಕೆಯ ಮರದ ನೀಳವಾದ ಎಲೆಗೆ ಅಲ್ಲಿಯವರು ಸೋಗೆ ಎನ್ನುವರು. ಹಿಂದೆ ಮನೆಗಳ ಮಾಡನ್ನೂ ಕೊಟ್ಟಿಗೆಗಳ ಮಾಡನ್ನೂ ಹೊದಿಸುತ್ತಿದ್ದುದು ಈ ಸೋಗೆಯಿಂದಲೇ. ನಮ್ಮ ಹಳಗನ್ನಡದ ಕವಿಗಳಿಗಾದರೋ ಸೋಗೆಯೆಂದರೆ ನವಿಲಿನ ಗರಿಗಳ ಗೊಂಚಲು. ನವಿಲು ಎಂಬ ಅರ್ಥವೂ ಆ ಮಾತಿಗೆ ಉಂಟು. ಗರಿ ಎಂಬ ಶಬ್ದವೂ ಹಾಗೆಯೇ: ಹಕ್ಕಿಗೂ ಗರಿ, ತೆಂಗಿಗೂ ಗರಿ. ಸಂಸ್ಕೃತದ ಪರ್ಣ ಶಬ್ದಕ್ಕೂ ಎಲೆ, ಗರಿ ಎಂಬ ಎರಡು ಅರ್ಥಗಳಿವೆ. ಮರಕ್ಕೂ ಹಕ್ಕಿಗೂ ಭಾಷೆ ಒಂದೇ ಹೆಸರನ್ನು ಇಟ್ಟುದು ಆಕಾರದ ಹೋಲಿಕೆಯಿಂದಲೇ ಇರಬಹುದು. ಆದರೆ ಇನ್ನೊಂದು ಹೋಲಿಕೆಯೂ ಇದೆ. ಎರಡೂ ತಮ್ಮ ಕಾಲ ಬಂದಾಗ ತಾವಾಗಿಯೇ ಕಳಚಿ ಬೀಳುತ್ತವೆ. ಗರಿಗೆ ನಮ್ಮ ಪುರಾಣಗಳೂ ಆಚಾರಗಳೂ ಕೊಟ್ಟಿರುವ ಗೌರವದ ಮೂಲ ಈ ಕಳಚಿ ಬೀಳುವ ಗುಣದಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಅದನ್ನು ಸ್ವಲ್ಪ ವಿಚಾರಿಸೋಣ.

ತುಂಗೆಯ ದಡದ ಶೃಂಗೇರಿಯಲ್ಲಿ ನವರಾತ್ರಿಯ ದಿನಗಳಂದು ಶಾರದಾಂಬೆಗೆ ದಿನಕ್ಕೊಂದು ಅಲಂಕಾರ ನಡೆಯುತ್ತದೆ. ಒಂದು ದಿನ ಆಕೆ ಬ್ರಾಹ್ಮಿಯಾಗಿ ಹಂಸವನ್ನೇರುವಳು. ಒಂದು ದಿನ ಕೌಮಾರಿಯಾಗಿ ನವಿಲನ್ನೇರುವಳು. ಮತ್ತೊಂದು ದಿನ ವೈಷ್ಣವಿಯಾಗಿ ಗರುಡನನ್ನೇರುವಳು. ವೃಷಭ, ಐರಾವತ, ಸಿಂಹಗಳ ನಡುವೆ ಹೀಗೆ ಮೂರು ಹಕ್ಕಿಗಳಿಗೆ ಸ್ಥಾನ ದೊರೆತಿದೆ. ಈ ಮೂರು ಹಕ್ಕಿಗಳ ಗರಿಗೂ ಒಂದೊಂದು ಕಥೆಯುಂಟು.

ಗರುಡನ ಕಥೆ ಮಹಾಭಾರತದ ಆದಿಪರ್ವದಲ್ಲಿದೆ. ತಾಯಿಯ ದಾಸ್ಯವನ್ನು ಬಿಡಿಸುವುದಕ್ಕಾಗಿ ಅವನು ಅಮೃತವನ್ನು ಹೊತ್ತು ತರುತ್ತಿರುವಾಗ ಇಂದ್ರನು ವಜ್ರಾಯುಧವನ್ನು ಪ್ರಯೋಗಿಸುತ್ತಾನೆ. ಗರುಡನಿಗೆ ಅದರಿಂದ ನೋವೇ ಇಲ್ಲ. ಆದರೂ ಯಾವ ಋಷಿಯ ಎಲುಬಿನಿಂದ ವಜ್ರವಾಯಿತೋ ಆ ಋಷಿಗೂ, ವಜ್ರಕ್ಕೂ, ಇಂದ್ರನಿಗೂ ಮರ್ಯಾದೆ ಸಲ್ಲಲೆಂದು ತನ್ನ ಒಂದು ಗರಿಯನ್ನು ತಾನಾಗಿ ಉದುರಿಸುತ್ತಾನೆ. ಅದರ ಚೆಲುವನ್ನು ಕಂಡವರು ಅವನನ್ನು ಸುಪರ್ಣನೆಂದು ಕರೆದರಂತೆ. ಸೋಲದವನು ಎದುರಾಳಿಯ ಮಾನವನ್ನು ಕಾಯಲು ಕೊಟ್ಟ ಕಾಣಿಕೆ ಆ ಗರಿ. ವಜ್ರವು ಅದನ್ನು ಕತ್ತರಿಸಿ ಬೀಳಿಸಿದ್ದರೆ ಅದು ಸೋಲಿನ ಗುರುತಾಗುತ್ತಿತ್ತು; ಕೊಟ್ಟುದರಿಂದ ಹಿರಿಮೆಯ ಗುರುತಾಯಿತು.

ನವಿಲಿನ ಗರಿಯೂ ಕೊಡುಗೆಯೇ. ರಾಮಾಯಣದ ಉತ್ತರಕಾಂಡದಲ್ಲಿ, ಮರುತ್ತನ ಯಜ್ಞಕ್ಕೆ ರಾವಣನು ನುಗ್ಗಿದಾಗ ಇಂದ್ರನು ಭಯದಿಂದ ನವಿಲಿನ ರೂಪವನ್ನು ತಾಳುತ್ತಾನೆ. ಅಪಾಯ ಕಳೆದ ಮೇಲೆ, ತನ್ನನ್ನು ಮರೆಮಾಡಿದ ಹಕ್ಕಿಗೆ ಕೃತಜ್ಞತೆಯಿಂದ ತನ್ನ ಸಾವಿರ ಕಣ್ಣುಗಳ ಚಿಹ್ನೆಯನ್ನು ಅನುಗ್ರಹಿಸುತ್ತಾನೆ. ಗರಿಯ ಮೇಲಣ ಕಣ್ಣು ಹೀಗೆ ಆಶ್ರಯ ಕೊಟ್ಟುದರ ನೆನಪು. ಮುಂದೆ ಅದು ಗೋಕುಲದ ಕೃಷ್ಣನ ಮುಡಿಯನ್ನೇರಿತು. ನಮ್ಮ ಮಕ್ಕಳ ಪುಸ್ತಕದೊಳಕ್ಕೂ ಸೇರಿ, ಮರಿ ಹಾಕುವುದೆಂಬ ನಂಬಿಕೆಗೆ ಪಾತ್ರವಾಯಿತು.

ಹಂಸವು ಹಾಲನ್ನೂ ನೀರನ್ನೂ ಬೇರ್ಪಡಿಸುವ ವಿವೇಕದ ಸಂಕೇತವೆಂಬುದು ಎಲ್ಲರೂ ಬಲ್ಲ ಮಾತು. ಶೃಂಗೇರಿಯ ಜಗದ್ಗುರುಗಳ ಬಿರುದಾವಳಿಯಲ್ಲಿ ಪರಮಹಂಸವೆಂಬ ಪದ ಬರುವುದೂ ಅದರಿಂದಲೇ. ಹಂಸದ ಗರಿಯ ಕಥೆಯಾದರೋ ಬೌದ್ಧರ ಜಾತಕಗಳಲ್ಲಿ ಸಿಗುತ್ತದೆ. ಪೂರ್ವಜನ್ಮದ ಸ್ಮರಣೆಯುಳ್ಳ ಹೊನ್ನಿನ ಹಂಸವೊಂದು ತನ್ನ ಹಿಂದಿನ ಹೆಂಡತಿ ಮಕ್ಕಳ ಬಡತನವನ್ನು ನೋಡಲಾರದೆ ಆಗಾಗ ಬಂದು ಒಂದೊಂದು ಗರಿಯನ್ನು ಕೊಟ್ಟು ಹೋಗುತ್ತಿತ್ತು. ಆ ಹೆಂಗಸು ದುರಾಸೆಗೊಳಗಾಗಿ ಅದನ್ನು ಹಿಡಿದು ಗರಿಗಳನ್ನೆಲ್ಲ ಕಿತ್ತಳು. ಕಿತ್ತೊಡನೆ ಅವು ಹೊನ್ನಾಗಿ ಉಳಿಯದೆ ಕೊಕ್ಕರೆಯ ಗರಿಗಳಂತಾದುವು. ಗರುಡನ ಕಥೆ ಹೇಳಿದ ಮಾತನ್ನೇ ಇದು ಮಗ್ಗುಲು ಬದಲಿಸಿ ಹೇಳುತ್ತದೆ: ಕೊಟ್ಟ ಗರಿ ಹೊನ್ನು, ಕಿತ್ತ ಗರಿ ಬರಿಯ ಪುಕ್ಕ.

ಕಥೆಯಲ್ಲಿರುವ ಈ ನೀತಿಯನ್ನು ಆಚಾರದಲ್ಲಿ ತಂದವರು ಜೈನರು. ಮೇಗುಂದದ ಸೀಮೆ ಅವರ ಹಳೆಯ ನೆಲೆಗಳಲ್ಲೊಂದು. ಶೃಂಗೇರಿಯ ಪೇಟೆಯ ನಡುವೆಯೇ 12ನೆಯ ಶತಮಾನದ ಪಾರ್ಶ್ವನಾಥ ಬಸದಿ ಇದೆ. ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಬಸದಿಯೂ ಮಠವೂ ಇವೆ. ನೆರೆಯ ತೀರ್ಥಹಳ್ಳಿಯ ಸೀಮೆಯ ಕುಂದಾದ್ರಿಯನ್ನು ಸಂಪ್ರದಾಯವು ಕುಂದಕುಂದಾಚಾರ್ಯರ ತಪೋಭೂಮಿಯೆನ್ನುತ್ತದೆ. ದಿಗಂಬರ ಮುನಿಗೆ ಬಟ್ಟೆಯೂ ಇಲ್ಲ, ಮನೆಯೂ ಇಲ್ಲ. ಸದಾ ಜೊತೆಗಿರುವುದು ನೀರಿನ ಕಮಂಡಲು ಮತ್ತು ನವಿಲುಗರಿಗಳನ್ನು ಕಟ್ಟಿ ಮಾಡಿದ ಪಿಂಛಿ. ಕುಳಿತುಕೊಳ್ಳುವ ಮೊದಲು, ಒರಗುವ ಮೊದಲು, ಪುಸ್ತಕವನ್ನಿಡುವ ಮೊದಲು ಆ ಸ್ಥಳದಲ್ಲಿರಬಹುದಾದ ಇರುವೆಯೇ ಮೊದಲಾದ ಕಿರುಜೀವಿಗಳನ್ನು ಅದರಿಂದ ಮೆಲ್ಲನೆ ಸರಿಸಬೇಕು. ಮೂಲಾಚಾರವೆಂಬ ಪ್ರಾಚೀನ ಗ್ರಂಥವು ಪಿಂಛಿಗೆ ಐದು ಗುಣಗಳನ್ನು ಹೇಳುತ್ತದೆ: ಧೂಳನ್ನು ಹಿಡಿಯದಿರುವುದು, ಬೆವರನ್ನು ಹಿಡಿಯದಿರುವುದು, ಮೃದುತ್ವ, ಸೌಕುಮಾರ್ಯ, ಹಗುರತನ. ಜೀವವನ್ನು ಕಾಯುವ ಈ ಸಾಧನಕ್ಕೆ ಜೀವವನ್ನು ನೋಯಿಸಿ ಗರಿ ತರುವುದುಂಟೆ? ಆದುದರಿಂದ ತಾನಾಗಿ ಉದುರಿದ ಗರಿಯೇ ಅದಕ್ಕೆ ಯೋಗ್ಯ.

ಇದಕ್ಕೆ ಪ್ರಕೃತಿಯೂ ಅನುಕೂಲವಾಗಿಯೇ ನಡೆಯುತ್ತದೆ. ಗಂಡುನವಿಲು ಮಳೆಗಾಲದ ಕೂಟದ ದಿನಗಳು ಕಳೆದ ಮೇಲೆ ತನ್ನ ಸೋಗೆಯನ್ನು ವರ್ಷವರ್ಷವೂ ಉದುರಿಸಿ ಹೊಸದನ್ನು ತಳೆಯುತ್ತದೆ. ಮುನಿಗಳು ಹಳೆಯ ಪಿಂಛಿಯನ್ನು ಬಿಟ್ಟು ಹೊಸದನ್ನು ಸ್ವೀಕರಿಸುವ ಸಮಾರಂಭವೂ ಚಾತುರ್ಮಾಸ್ಯ ಮುಗಿದ ಮೇಲೆಯೇ ನಡೆಯುವುದು ವಾಡಿಕೆ. ಪಿಂಛಿಯ ಮಹತ್ತ್ವ ಎಷ್ಟೆಂದರೆ ಅದರಿಂದ ಆಚಾರ್ಯರಿಗೆ ಹೆಸರೇ ಬಂದಿದೆ. ತತ್ತ್ವಾರ್ಥಸೂತ್ರವನ್ನು ರಚಿಸಿದ ಉಮಾಸ್ವಾತಿಗಳನ್ನು ಶ್ರವಣಬೆಳಗೊಳದ ಶಾಸನಗಳು ಗೃಧ್ರಪಿಂಛಾಚಾರ್ಯರೆಂದೂ, ಅವರ ಶಿಷ್ಯರನ್ನು ಬಲಾಕಪಿಂಛರೆಂದೂ ಕರೆಯುತ್ತವೆ. ಗೃಧ್ರವೆಂದರೆ ಹದ್ದು, ಬಲಾಕವೆಂದರೆ ಕೊಕ್ಕರೆ. ಬೆಲೆಯಿದ್ದುದು ಗರಿಯ ಬಣ್ಣಕ್ಕಲ್ಲ, ಅದರ ನಿರಪರಾಧಿತ್ವಕ್ಕೆ.

ಹಗುರವಾದ ವಸ್ತುವಿನಲ್ಲಿ ನಿರಪರಾಧಿತ್ವವನ್ನು ಕಾಣುವುದು ನಮ್ಮ ನಾಡಿಗೆ ಮಾತ್ರ ಸೇರಿದುದಲ್ಲ. ಪ್ರಾಚೀನ ಈಜಿಪ್ಟಿನವರು ಸತ್ತವನ ಹೃದಯವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಸತ್ಯದೇವತೆಯಾದ ಮಾಆತಳ ಗರಿಯನ್ನು ಇನ್ನೊಂದು ತಟ್ಟೆಯಲ್ಲಿಟ್ಟು ತೂಗುವರೆಂದು ನಂಬಿದ್ದರು. ಪಾಪದಿಂದ ಭಾರವಾದ ಹೃದಯಕ್ಕೆ ಪರಲೋಕವಿಲ್ಲ.

ಈ ತಕ್ಕಡಿಯಲ್ಲಿ ಇತ್ತೀಚಿನ ಕಾಲವನ್ನು ತೂಗಿದರೆ ಏನಾದೀತು? 19ನೆಯ ಶತಮಾನದ ಕೊನೆಯಲ್ಲಿ ಯೂರೋಪಿನ ಸ್ತ್ರೀಯರ ಟೋಪಿಗಳ ಸಿಂಗಾರಕ್ಕಾಗಿ ಲೋಕದ ನಾನಾ ಕಡೆಗಳಲ್ಲಿ ಹಕ್ಕಿಗಳ ಕೊಲೆ ನಡೆಯಿತು. ಬೆಳ್ಳಕ್ಕಿಗಳನ್ನು ಮರಿಗಳಿರುವ ಕಾಲದಲ್ಲಿಯೇ ಕೊಲ್ಲುತ್ತಿದ್ದರು. ಸೊಗಸಿನ ತುರಾಯಿಗರಿಗಳು ಅವುಗಳಿಗೆ ಮೂಡುವುದು ಆಗಲೇ. ಭಾರತದಿಂದ ಗರಿಗಳ ರಫ್ತನ್ನು 1902ರಲ್ಲಿ ನಿಷೇಧಿಸಲಾಯಿತು. ಇಂಗ್ಲೆಂಡು ಅವುಗಳ ಆಮದನ್ನು ತಡೆಯುವ ಕಾಯಿದೆಯನ್ನು ಮಾಡಿದ್ದು 1921ರಲ್ಲಿ. ನವಿಲು 1963ರಲ್ಲಿ ನಮ್ಮ ರಾಷ್ಟ್ರಪಕ್ಷಿಯಾಯಿತು; 1972ರ ವನ್ಯಜೀವಿ ಕಾಯಿದೆಯು ಅದರ ಬೇಟೆಯನ್ನು ಅಪರಾಧವೆಂದು ಸಾರಿತು. ಬಾಲದ ಗರಿಗೆ ಮಾತ್ರ ಆ ಕಾಯಿದೆ ವಿನಾಯಿತಿಯನ್ನು ಕೊಟ್ಟಿತು. ಗರಿಯು ತಾನಾಗಿ ಉದುರತಕ್ಕದ್ದೆಂಬ ವಿಶ್ವಾಸವೇ ಅದರ ಹಿಂದಿತ್ತು.

ಆ ವಿಶ್ವಾಸವನ್ನು ಉಳಿಸುವ ಹೊಣೆ ಕೊಳ್ಳುವವರದು. ಜಾತ್ರೆಯಲ್ಲಿ, ದೇವಾಲಯದ ಬೀದಿಯಲ್ಲಿ ನಾವು ನವಿಲುಗರಿಯ ಕಟ್ಟನ್ನು ಕೈಗೆತ್ತಿಕೊಂಡಾಗ ಅದರ ಕಣ್ಣನ್ನಷ್ಟೇ ನೋಡುವೆವು, ಬುಡವನ್ನು ನೋಡುವುದಿಲ್ಲ. ಉದುರಿದ ಗರಿಯ ಬುಡ ಒಣಗಿ ಶುಭ್ರವಾಗಿರುತ್ತದೆ. ಕಿತ್ತ ಗರಿಯ ಬುಡದಲ್ಲಿ ರಕ್ತದ ಕಲೆ ಉಳಿದಿರುವುದುಂಟು. ಬುಡವನ್ನೇ ಕತ್ತರಿಸಿದ್ದರೆ ಸಂದೇಹಕ್ಕೆ ಕಾರಣವಿದೆ. ಪೂಜೆಯ ಮನೆಗೆ ಒಯ್ಯುವ ಗರಿಯ ವಿಷಯದಲ್ಲಿ ಇಷ್ಟು ಎಚ್ಚರ ಹೆಚ್ಚಿನದಲ್ಲ. ಕೃಷ್ಣನ ಮುಡಿಗೂ ಮುನಿಯ ಕೈಗೂ ಒಪ್ಪುವ ಗರಿ ಹಕ್ಕಿ ತಾನಾಗಿ ಬಿಟ್ಟುಕೊಟ್ಟ ಗರಿಯೇ.